ವಿದೇಶದಲ್ಲಿ ಒಂದೇ ಒಂದು ದೊಡ್ಡ ಊಟ: ಟೇಬಲ್ ಬುಕ್ ಮಾಡುವ ಮುನ್ನ

ನಮ್ಮ ಮದುವೆಗೆ ಇಪ್ಪತ್ತೈದು ತುಂಬಿದ ವರ್ಷ ಅಮ್ಮನನ್ನೂ ಕರೆದುಕೊಂಡು ಸಿಂಗಪುರಕ್ಕೆ ಹೋಗಿದ್ದೆವು. ಹೆಸರುವಾಸಿ ರೆಸ್ಟೋರೆಂಟ್ ಒಂದರಲ್ಲಿ ಮೂವರಿಗೆ ಟೇಬಲ್ ಹಿಡಿದಿದ್ದೆ, ಅದೂ ಇಳಿದ ದಿನ ರಾತ್ರಿಗೇ. ದಾವಣಗೆರೆಯಿಂದ ದೇವನಹಳ್ಳಿಯವರೆಗೆ ರಾತ್ರಿಯೆಲ್ಲ ಕಾರು, ಆಮೇಲೆ ವಿಮಾನ. ರೂಮು ಸೇರುವಷ್ಟರಲ್ಲಿ ಅಮ್ಮನ ಕಾಲು ಊದಿತ್ತು. ಅರ್ಧ ಗಂಟೆ ಮಲಗೋಣ ಅಂತ ಮಲಗಿದವರು ಎದ್ದಾಗ ಹನ್ನೊಂದು ಗಂಟೆ. ಅಮ್ಮ ಡಬ್ಬಿಯಲ್ಲಿ ತಂದಿದ್ದ ಖಾರ ಮಂಡಕ್ಕಿ ತಿಂದು ಮತ್ತೆ ಮಲಗಿದೆವು. ಬೆಳಿಗ್ಗೆ ಬ್ಯಾಂಕಿನ ಮೆಸೇಜ್ ಬಂದಿತ್ತು: ಬುಕ್ ಮಾಡಿ ಹೋಗದೆ ಇದ್ದದ್ದಕ್ಕೆ ಮೂರು ತಲೆಗೂ ದಂಡ.

ತಪ್ಪು ನನ್ನದೇ. ಆಮೇಲಿನ ಪ್ರವಾಸಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು: ಒಂದೇ ಊಟ ಸಾಕು

ವಾರದ ಪ್ರವಾಸಕ್ಕೆ ಇಂಥ ಊಟ ಒಂದು ಸಾಕು. ಟೇಸ್ಟಿಂಗ್ ಮೆನು ಅಂದರೆ ಪುಟ್ಟ ಪುಟ್ಟ ತಟ್ಟೆಗಳಲ್ಲಿ ಎಂಟು ಹತ್ತು ಬಗೆ, ಒಂದಾದ ಮೇಲೊಂದು ಬರುತ್ತದೆ. ಮುಗಿಯಲು ಎರಡೂವರೆ ಮೂರು ಗಂಟೆ ಬೇಕು. ಬೆಣ್ಣೆ ದೋಸೆ ಹತ್ತು ನಿಮಿಷದಲ್ಲಿ ಮುಗಿಸಿ ಎದ್ದು ಅಭ್ಯಾಸವಾದ ನಮಗೆ ಮೊದಲ ಸಲ ಇದು ಮದುವೆ ಮನೆಯಲ್ಲಿ ಮುಂದಿನ ಪಂಕ್ತಿಗೆ ಕಾದ ಹಾಗೆ ಅನ್ನಿಸುತ್ತದೆ. ಇಳಿದ ದಿನ ಬೇಡ, ಹೊರಡುವ ಹಿಂದಿನ ರಾತ್ರಿಯೂ ಬೇಡ. ನಡುವಿನ ಒಂದು ದಿನ ನೋಡಿ. ಆ ದಿನ ಬೇರೆ ತಿರುಗಾಟ ಕಡಿಮೆ ಇಟ್ಟುಕೊಳ್ಳಿ.

ಇನ್ನೊಂದು ಗುಟ್ಟು: ಮಧ್ಯಾಹ್ನಕ್ಕೆ ಹೋಗಿ. ಎಷ್ಟೋ ದೊಡ್ಡ ರೆಸ್ಟೋರೆಂಟ್‌ಗಳಲ್ಲಿ ಅದೇ ಅಡುಗೆಮನೆಯ ಮಧ್ಯಾಹ್ನದ ಊಟ ರಾತ್ರಿಯದಕ್ಕಿಂತ ಚಿಕ್ಕದು, ಬೆಲೆಯೂ ಸಾಕಷ್ಟು ಕಡಿಮೆ. ವಯಸ್ಸಾದವರು ಜೊತೆಗಿದ್ದರೆ ಹೊತ್ತಿಗೆ ಸರಿಯಾಗಿ ಮಲಗಲೂಬಹುದು.

ನಕ್ಷತ್ರ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಬೆಣ್ಣೆ ದೋಸೆ ಎಲ್ಲಿ ಚೆನ್ನ ಅಂತ ನಮ್ಮೂರಲ್ಲಿ ಯಾರನ್ನು ಕೇಳಿದರೂ ಉತ್ತರ ಸಿಗುತ್ತದೆ, ಜಗಳವೂ ಸಿಗುತ್ತದೆ. ಪರದೇಶದಲ್ಲಿ ಹಾಗೆ ಕೇಳಲು ಯಾರೂ ಇರುವುದಿಲ್ಲ. ಅದಕ್ಕೇ ಎಲ್ಲರೂ ಮಿಶೆಲಿನ್ ಗೈಡ್ ತೆರೆಯುವುದು. ಇದನ್ನು ಶುರು ಮಾಡಿದ್ದು ಫ್ರಾನ್ಸ್‌ನ ಟಯರ್ ಕಂಪನಿ, 1900ರಲ್ಲಿ. ಜನ ಕಾರಿನಲ್ಲಿ ಜಾಸ್ತಿ ಓಡಾಡಲಿ, ಟಯರ್ ಸವೆಯಲಿ ಅನ್ನುವುದು ಲೆಕ್ಕ. 1926ರಲ್ಲಿ ಅಡುಗೆ ಚೆನ್ನಾಗಿರುವ ರೆಸ್ಟೋರೆಂಟ್‌ಗಳಿಗೆ ನಕ್ಷತ್ರ ಕೊಡಲು ಶುರು ಮಾಡಿದರು. ಒಂದು ನಕ್ಷತ್ರ ಅಂದರೆ ದಾರಿಯಲ್ಲಿ ನಿಂತು ಉಣ್ಣಬಹುದು. ಎರಡು ಅಂದರೆ ಸುತ್ತು ಹಾಕಿಕೊಂಡಾದರೂ ಹೋಗಬಹುದು. ಮೂರು ಅಂದರೆ ಅದಕ್ಕೆಂದೇ ಪ್ರಯಾಣ ಮಾಡಬಹುದು. ಪರೀಕ್ಷಕರು ಹೆಸರು ಹೇಳದೆ ಹೋಗಿ, ತಮ್ಮ ಬಿಲ್ ತಾವೇ ಕಟ್ಟಿ ಬರುತ್ತಾರೆ.

ಆದರೆ ಅವರು ನೋಡುವುದು ತಟ್ಟೆಯಲ್ಲಿರುವುದನ್ನು. ಅಮ್ಮನಿಗೆ ಎತ್ತರದ ಸ್ಟೂಲಿನ ಮೇಲೆ ಕೂರಲು ಆಗುತ್ತದೆಯೇ, ಮಕ್ಕಳನ್ನು ಒಳಗೆ ಬಿಡುತ್ತಾರೆಯೇ, ನಾವು ತಿನ್ನುವಂಥದ್ದು ಇದೆಯೇ ಎಂಬುದಕ್ಕೆಲ್ಲ ಆ ನಕ್ಷತ್ರದಲ್ಲಿ ಉತ್ತರ ಇಲ್ಲ. ಅದೇ ಗೈಡ್‌ನಲ್ಲಿ 'ಬಿಬ್ ಗೂರ್ಮಾಂಡ್' ಅಂತ ಇನ್ನೊಂದು ಪಟ್ಟಿ ಇದೆ. ಬೆಲೆ ಹದವಾಗಿರುವ, ಅಡುಗೆ ಚೆನ್ನಾಗಿರುವ ಜಾಗಗಳು. ನನ್ನ ಕೇಳಿದರೆ ಮೊದಲ ಸಲ ಹೋಗುವವರು ಅಲ್ಲಿಂದಲೇ ಶುರು ಮಾಡಲಿ.

ಪಟ್ಟಿ ನೋಡಿದ ಮೇಲೆ ಗೂಗಲ್ ಮ್ಯಾಪ್‌ನಲ್ಲಿ ಜನ ಹಾಕಿದ ಫೋಟೊ ನೋಡಿ, ರೆಸ್ಟೋರೆಂಟ್‌ನವರು ಹಾಕಿದ್ದಲ್ಲ. ಬಿಲ್, ಮೆನು ಕಾರ್ಡ್, ಕುರ್ಚಿ ಎಲ್ಲ ಅದರಲ್ಲಿ ಕಾಣುತ್ತದೆ.

ಸಸ್ಯಾಹಾರಿಗಳು ಇಲ್ಲಿ ನಿಧಾನವಾಗಿ ಓದಿ

ಬರೀ 'ವೆಜಿಟೇರಿಯನ್' ಅಂದರೆ ಸಾಲದು. ಜಪಾನಿನ ಸಾರಿಗೆಲ್ಲ ಬುಡ 'ದಾಶಿ', ಅದರಲ್ಲಿ ಸಾಮಾನ್ಯವಾಗಿ ಒಣಗಿಸಿದ ಮೀನು ಇರುತ್ತದೆ. ಥಾಯ್ ಅಡುಗೆಯಲ್ಲಿ ಉಪ್ಪಿನ ಜಾಗಕ್ಕೆ ಮೀನಿನ ಸಾಸ್, ಖಾರದ ಪೇಸ್ಟಿನಲ್ಲಿ ಸಿಗಡಿ. ಚೀನೀ ಪಲ್ಯಕ್ಕೆ ಸಮುದ್ರದ ಸಿಂಪಿಯಿಂದ ಮಾಡಿದ ಆಯ್ಸ್ಟರ್ ಸಾಸ್. ಇಟಲಿಯ ಅಸಲಿ ಪಾರ್ಮೆಸಾನ್ ಚೀಸ್‌ಗೆ ಹಾಲು ಒಡೆಯಿಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಕೊನೆಗೆ ಬರುವ ಮೆತ್ತನೆ ಸಿಹಿಯಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್.

ಹಾಗಂತ 'ವೀಗನ್' ಅಂತ ಬರೆದುಬಿಡಬೇಡಿ. ಹಾಲು, ಮೊಸರು, ಬೆಣ್ಣೆ, ತುಪ್ಪ ಎಲ್ಲ ಮಾಯವಾಗುತ್ತದೆ. ದಾವಣಗೆರೆಯವರು ದುಡ್ಡು ಕೊಟ್ಟು ಬೆಣ್ಣೆ ಬಿಡುವುದುಂಟಾ? ಬುಕ್ ಮಾಡುವಾಗಲೇ ಇಮೇಲ್‌ನಲ್ಲಿ ಹೀಗೆ ಬಿಡಿಸಿ ಬರೆಯಿರಿ: ಮಾಂಸ, ಮೀನು, ಸಿಗಡಿ, ಮೊಟ್ಟೆ ಬೇಡ, ಮಾಂಸದ ಅಥವಾ ಮೀನಿನ ಸಾರು, ಸಾಸ್, ಜೆಲಟಿನ್ ಬೇಡ, ಹಾಲು, ಬೆಣ್ಣೆ ಆಗುತ್ತದೆ. ಅಲರ್ಜಿ ಇದ್ದರೆ ಬೇರೆ ಸಾಲಿನಲ್ಲಿ ಹಾಕಿ. ಮಾಡಿಕೊಡಲು ಆಗುವುದಿಲ್ಲ ಅಂತ ಅವರು ಉತ್ತರ ಬರೆದರೆ ಬೇಜಾರಾಗಬೇಡಿ. ಅಲ್ಲಿಗೆ ಹೋಗಿ ಬರೀ ಸೊಪ್ಪು ತಿನ್ನುವುದು ತಪ್ಪಿತು.

ಈರುಳ್ಳಿ, ಬೆಳ್ಳುಳ್ಳಿ ಕೂಡ ತಿನ್ನದವರಿಗೆ ಜಪಾನಿನಲ್ಲಿ 'ಶೋಜಿನ್ ರಿಯೋರಿ' ಇದೆ. ಬೌದ್ಧ ಮಠಗಳ ಅಡುಗೆ ಅದು. ಥಾಯ್ಲೆಂಡ್‌ನಲ್ಲಿ 'ಜೇ' ಅಂತ ಕೇಳಬೇಕು. ಅದರಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲಿನ ಜೊತೆ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಚೌಕಿಪೇಟೆಯ ನಮ್ಮ ಜೈನ ಗೆಳೆಯರಿಗೆ ನಾನು ಇದನ್ನೇ ಹೇಳುವುದು. ಪೂರ್ತಿ ಸಸ್ಯಾಹಾರದ ದೊಡ್ಡ ರೆಸ್ಟೋರೆಂಟ್‌ಗಳೂ ಇವೆ. ದುಬೈನ 'ಅವತಾರ'ಕ್ಕೆ 2023ರಲ್ಲಿ ಮಿಶೆಲಿನ್ ನಕ್ಷತ್ರ ಸಿಕ್ಕಿತು.

ಬುಕಿಂಗ್ ಮತ್ತು ಕಾರ್ಡು

ಹೆಸರಾದ ಜಾಗಗಳಿಗೆ ಒಂದೆರಡು ತಿಂಗಳು ಮೊದಲೇ ಬುಕ್ ಮಾಡಬೇಕಾಗುತ್ತದೆ. ಅವರದೇ ವೆಬ್‌ಸೈಟ್‌ನಿಂದ ಶುರು ಮಾಡಿ. ಟೋಕಿಯೊದಲ್ಲಿ ಎಂಟು ಹತ್ತು ಸೀಟಿನ ಪುಟ್ಟ ಸುಶಿ ಅಂಗಡಿಗಳು ಹೊಸಬರ ಫೋನ್ ತೆಗೆದುಕೊಳ್ಳುವುದು ಕಷ್ಟ. ನೀವು ಉಳಿಯುವ ಹೋಟೆಲಿನವರ ಕೈಲಿ ಹೇಳಿಸಿದರೆ ಕೆಲಸ ಸುಲಭ.

ಟೇಬಲ್ ಹಿಡಿಯಲು ಕಾರ್ಡ್ ನಂಬರ್ ಕೇಳುತ್ತಾರೆ. ಬ್ಯಾಂಕ್ ಆ್ಯಪ್‌ನಲ್ಲಿ 'ಇಂಟರ್‌ನ್ಯಾಷನಲ್' ಅನ್ನುವುದನ್ನು ಮೊದಲೇ ಆನ್ ಮಾಡಿ, ಮಿತಿಯನ್ನೂ ಹಾಕಿ. ಹೊರದೇಶದ ಪಾವತಿ ಎಷ್ಟೋ ಸಲ ಓಟಿಪಿ ಕೇಳದೆಯೇ ಹೋಗಿಬಿಡುತ್ತದೆ. ರದ್ದು ಮಾಡುವ ಗಡುವು 24 ಗಂಟೆಯೋ 48 ಗಂಟೆಯೋ ಓದಿ. ಅದು ಅಲ್ಲಿನ ಗಡಿಯಾರದ ಲೆಕ್ಕ. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಮೊಬೈಲ್‌ನಲ್ಲಿ ಅಲಾರಂ ಇಡಿ. ನಾನು ಇಟ್ಟಿರಲಿಲ್ಲ.

ಬಟ್ಟೆಯ ನಿಯಮ ವೆಬ್‌ಸೈಟ್‌ನಲ್ಲಿ ಇರುತ್ತದೆ. ಚಡ್ಡಿ, ಚಪ್ಪಲಿ ಬೇಡ ಅನ್ನುವುದು ಸಾಮಾನ್ಯ. ನನ್ನ ಹೆಂಡತಿ ಇಳಕಲ್ ಸೀರೆ ಉಟ್ಟು ಹೋದಳು, ಬಾಗಿಲಲ್ಲಿ ಯಾರೂ ತಡೆಯಲಿಲ್ಲ.

ಬಿಲ್ ಬಂದಾಗ ಬೆಚ್ಚದಿರಲು

ಸಿಂಗಪುರದ ಮೆನುವಿನಲ್ಲಿ ಬೆಲೆಯ ಪಕ್ಕ ಎರಡು ಪ್ಲಸ್ ಗುರುತು ಕಂಡರೆ ಹುಷಾರು. ಸೇವಾ ಶುಲ್ಕ ಮತ್ತು ತೆರಿಗೆ ಬೇರೆ ಅಂತ ಅರ್ಥ. 100 ಡಾಲರಿನ ಊಟಕ್ಕೆ ಶೇ 10 ಸೇವಾ ಶುಲ್ಕ ಸೇರಿ 110. ಅದರ ಮೇಲೆ ಶೇ 9 ಜಿಎಸ್‌ಟಿ. ಕೊನೆಗೆ ಕಟ್ಟುವುದು 119 ಡಾಲರ್ 90 ಸೆಂಟ್. ಫ್ರಾನ್ಸ್‌ನಲ್ಲಿ ಸೇವೆಯ ದುಡ್ಡು ಬೆಲೆಯೊಳಗೇ ಸೇರಿರುತ್ತದೆ. ಜಪಾನಿನಲ್ಲಿ ಟಿಪ್ಸ್ ಕೊಡುವ ರೂಢಿಯೇ ಇಲ್ಲ, ಬಿಟ್ಟು ಬಂದರೆ ಹಿಂದೆಯೇ ಓಡಿ ಬಂದು ಕೊಟ್ಟಾರು. ಅಮೆರಿಕದಲ್ಲಿ ಶೇ 18ರಿಂದ 20 ಕೊಡದಿದ್ದರೆ ಮುಖ ಗಂಟಾಗುತ್ತದೆ.

ಕೂತ ಕೂಡಲೇ ನೀರು ಯಾವುದು ಅಂತ ಕೇಳುತ್ತಾರೆ. ಬಾಟಲಿಯ ನೀರಿಗೆ ಬೇರೆ ಬಿಲ್. ಪ್ಯಾರಿಸ್‌ನಲ್ಲಿ 'ಕರಾಫ್ ದೋ' ಅನ್ನಿ, ನಲ್ಲಿ ನೀರು ಹೂಜಿಯಲ್ಲಿ ಪುಕ್ಕಟೆ ಬರುತ್ತದೆ. ಪ್ರತಿ ತಟ್ಟೆಗೆ ಒಂದೊಂದು ವೈನ್ ಅನ್ನುವ 'ಪೇರಿಂಗ್' ಕೆಲವೊಮ್ಮೆ ಊಟದಷ್ಟೇ ದುಬಾರಿ. ಬೇಡ ಅಂದರೆ ಯಾರೂ ಕೀಳಾಗಿ ನೋಡುವುದಿಲ್ಲ.

ಕಾರ್ಡ್ ಉಜ್ಜುವಾಗ ಮಿಷನ್ 'ರೂಪಾಯಿಯೋ, ಡಾಲರೋ' ಅಂತ ಕೇಳಬಹುದು. ಅಲ್ಲಿನ ಹಣವನ್ನೇ ಒತ್ತಿ. ರೂಪಾಯಿ ಕಂಡ ಕೂಡಲೇ ನಮ್ಮದು ಅನ್ನಿಸುತ್ತದೆ. ಆದರೆ ಅಲ್ಲಿ ಹಾಕುವ ದರ ಅವರದು, ಸಾಮಾನ್ಯವಾಗಿ ನಮ್ಮ ಬ್ಯಾಂಕಿನದಕ್ಕಿಂತ ಜಾಸ್ತಿಯೇ ಇರುತ್ತದೆ.