ಬೀಜದ ಗಿಡಗಳನ್ನು ಹೋಲಿಸುವಾಗ ಎಲೆ ನೋಡಬೇಡಿ, ಬೀಜ ಕೂತ ಜಾಗ ನೋಡಿ

ಚಿತ್ರದುರ್ಗ, ದಾವಣಗೆರೆ ಕಡೆ ವಿಜ್ಞಾನ ಪ್ರದರ್ಶನಗಳಲ್ಲಿ ಒಂದು ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಸರ್ವೆ ಮರದ ಕಾಯಿಯನ್ನು ಚಾರ್ಟಿಗೆ ಅಂಟಿಸಿ, ಕೆಳಗೆ 'ಅನಾವೃತಬೀಜ ಸಸ್ಯ', ಅಂದರೆ ಹೂ ಬಿಡದೆ ಬೀಜ ಬರಿದಾಗಿ ಕೂತಿರುವ ಗಿಡ, ಎಂದು ಬರೆದಿರುತ್ತಾರೆ. ಎಲೆ ಸೂಜಿ ಥರ, ಕಾಯಿ ಪೈನ್ ಶಂಕುವಿನ ಥರ ಇದೆಯಲ್ಲ, ಅದಕ್ಕೇ ಮೋಸ ಹೋಗುತ್ತಾರೆ. ಆದರೆ ಸರ್ವೆ ಹೂ ಬಿಡುವ ಮರ, ಆವೃತಬೀಜ.

ಮೊದಲು ಸಾಮಾನು ಹೊಂದಿಸಿ: ಐದು ಎಸಳಿನ ದಾಸವಾಳ, ಎಳೆ ಬೆಂಡೆಕಾಯಿ, ಕಾಯಿ ಸಮೇತ ಥೂಜಾ (ಶಂಕು ಬಿಡುವ ಅಲಂಕಾರದ ಗಿಡ) ರೆಂಬೆ, ಹೊಸ ಬ್ಲೇಡು, ಲೆನ್ಸು. ಸುತ್ತು ಎಸಳಿನ ದಾಸವಾಳ ಬೇಡ, ಅದರಲ್ಲಿ ಕೇಸರಗಳೇ (ಹೂವಿನ ಗಂಡು ಭಾಗ) ಎಸಳಾಗಿ ಎಲ್ಲ ಗೋಜಲಾಗಿರುತ್ತದೆ. ಫ್ಯಾನ್ಸಿ ಅಂಗಡಿಯ ಬಣ್ಣ ಬಳಿದ ಪೈನ್ ಕಾಯಿಗೆ ದುಡ್ಡು ಹಾಕಲೇಬೇಡಿ. ಬಣ್ಣಕ್ಕೆ ಪದರಗಳು ಅಂಟಿಕೊಂಡಿರುತ್ತವೆ, ಒಳಗೆ ಬೀಜವೂ ಉಳಿದಿರುವುದಿಲ್ಲ.

ಈಗ ಹೂವು ಬಿಡಿಸುವುದು. ಎಲ್ಲರೂ ಕೆಡಿಸುವುದು ಇಲ್ಲೇ. ಸುಮ್ನೆ ಹೂವನ್ನು ಉದ್ದಕ್ಕೆ ಸೀಳಿದರೆ ಅಂಡಾಶಯ, ಅಂದರೆ ಒಳಗೆ ಬೀಜ ಬೆಳೆಯುವ ಭಾಗ, ಜಜ್ಜಿಹೋಗುತ್ತದೆ. ಮೊದಲು ಬುಡದ ಹಸಿರು ಬಟ್ಟಲನ್ನು ಉಗುರಿನಿಂದ ಸುಲಿಯಿರಿ. ಎಸಳು, ಕೇಸರದ ಕೊಳವೆ ಎರಡೂ ಬುಡದಲ್ಲಿ ಕೂಡಿಕೊಂಡಿರುತ್ತವೆ, ಒಟ್ಟಿಗೇ ಹಿಡಿದು ನಿಧಾನಕ್ಕೆ ಎಳೆಯಿರಿ. ತೊಟ್ಟಿನ ತುದಿಯಲ್ಲಿ ಕಡಲೆಕಾಳಿಗಿಂತ ಸಣ್ಣದಾಗಿ, ತಿಳಿ ಬಣ್ಣದ್ದೊಂದು ಉಳಿಯುತ್ತದಲ್ಲ, ಅದೇ ಅಂಡಾಶಯ. ಒತ್ತದೆ, ಅಡ್ಡಕ್ಕೆ ಒಂದೇ ಸಲ ಕೊಯ್ಯಿರಿ. ಲೆನ್ಸಿನಲ್ಲಿ ಐದು ಕೋಣೆ, ಒಳಗೆ ಮುಂದೆ ಬೀಜವಾಗುವ ಬಿಳಿ ಅಂಡಕಗಳು ಕಾಣುತ್ತವೆ. ಕೈ ನಡುಗುವವರು ಬೆಂಡೆಕಾಯಿ ಕೊಯ್ಯಲಿ. ಅದೂ ದಾಸವಾಳದ ಕುಟುಂಬವೇ, ಅದೇ ಕೋಣೆಗಳು, ದೊಡ್ಡದಾಗಿ ಕಾಣುತ್ತವೆ ಅಷ್ಟೇ. ಬೀಜದ ಸುತ್ತ ಹೀಗೆ ಗೋಡೆ ಇದ್ದರೆ ಆವೃತಬೀಜ. ಆ ಗೋಡೆಯೇ ಬೆಳೆದು ಹಣ್ಣಾಗುವುದು.

ಥೂಜಾ ಸುಲಭ. ಹಸಿರು ಕಾಯಿಯನ್ನು ಬಿಸಿಲಿಗಿಡಿ, ಒಣಗಿ ತಾನೇ ಬಾಯಿ ಬಿಡುತ್ತದೆ. ಬೀಜಗಳು ಪದರದ ಮೇಲೆ ಬರಿದಾಗಿ ಕೂತಿರುತ್ತವೆ, ಸುತ್ತ ಅಂಡಾಶಯವಿಲ್ಲ. ಹಾಗಾಗಿ ಅದು ನಿಜವಾದ ಕಾಯಿಯಲ್ಲ, ಶಂಕು.

ಸರ್ವೆಗೆ ಬನ್ನಿ. ಆ 'ಸೂಜಿ' ಎಲೆಯಲ್ಲ, ಗಿಣ್ಣಿರುವ ಎಳೆ ಕಡ್ಡಿ. ಗಿಣ್ಣಿನಲ್ಲಿ ಎಳೆದು ಬಿಡಿಸಿದರೆ ಸುತ್ತ ಹಲ್ಲಿನಂಥ ಪುಟ್ಟ ಎಲೆಗಳು ಕಾಣುತ್ತವೆ. ಹೂ ಬಿಡುವ ಕಾಲದಲ್ಲಿ ನೋಡಿದರೆ ಕೆಂಪು ಕುಚ್ಚಿನ ಹೆಣ್ಣು ಹೂಗಳೂ ಸಿಗುತ್ತವೆ.

ಇನ್ನು ಆವೃತಬೀಜ ಒಂದು ಕಡೆ, ಅನಾವೃತಬೀಜ ಇನ್ನೊಂದು ಕಡೆ ಪಟ್ಟಿ ಬರೆಯಿರಿ. ಎಸಳಿಲ್ಲ ಅಂತ ಮೆಕ್ಕೆಜೋಳವನ್ನು ಆವೃತಬೀಜದಿಂದ ಆಚೆ ಹಾಕಬೇಡಿ. ಮೇಲಿನ ಸೂಲಂಗಿ (ಗಿಡದ ತುದಿಯ ಕುಚ್ಚು) ಗಂಡು ಹೂವು, ತೆನೆಯ ಒಂದೊಂದು ಕೂದಲೂ ಒಂದೊಂದು ಕಾಳಿನದು. ಜರೀಗಿಡ (ಫರ್ನ್) ಎರಡೂ ಕಡೆ ಬೇಡ, ಅದಕ್ಕೆ ಬೀಜವೇ ಇಲ್ಲ. ಅಂಗಡಿಯ ರೆಡಿಮೇಡ್ ಚಾರ್ಟು ಏನೇ ಹೇಳಲಿ, ನೀವು ಕೊಯ್ದು ನೋಡಿದ್ದನ್ನೇ ಬರೆಯಿರಿ.

ಪಾರ್ಕಿನಲ್ಲಿ ಸೈಕಸ್ ಸಿಕ್ಕರೆ ಅದೂ ಅನಾವೃತಬೀಜವೇ, ನೋಡಲು ಈಚಲಿನ ಹಾಗಿದ್ದರೂ. ಅದರ ಬೀಜ ವಿಷ. ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ, ಮುಟ್ಟಿದರೆ ಕೈ ತೊಳೆಸಿ.