ತೊಗರಿ ಒಣಗಿದರೆ ಎಐಗೆ ಹೇಗೆ ಕೇಳಬೇಕು?

‘ತೊಗರಿ ಒಣಗಲಾಕತ್ತದ, ಏನ್ ಮಾಡ್ಲಿ?’

ಚಾಟ್‌ಜಿಪಿಟಿಗೋ ಜೆಮಿನಿಗೋ ಇಷ್ಟೇ ಬರೆದರೂ ಉತ್ತರ ಬರುತ್ತದೆ. ನೀರು ಕೊಡಿ, ಗೊಬ್ಬರ ಹಾಕಿ, ಕೀಟ ನೋಡಿ. ಯಾವ ಊರಿಗಾದರೂ ಹೇಳಬಹುದಾದ ಮಾತು. ತಾನು ಕಲಿತ ರಾಶಿ ರಾಶಿ ಬರಹದ ಬಲದಿಂದ ಮುಂದಿನ ಪದ ಯಾವುದೆಂದು ಊಹಿಸುತ್ತಾ ಅದು ಉತ್ತರ ಕಟ್ಟುತ್ತದೆ. ನೀವು ಹೇಳದೆ ಬಿಟ್ಟದ್ದನ್ನೂ ಊಹೆಯಿಂದಲೇ ತುಂಬುತ್ತದೆ. ನಿಮ್ಮ ಹೊಲ ಅದಕ್ಕೆ ಕಾಣುವುದಿಲ್ಲ ಅಲ್ವಾ?

ಹಾಗಾಗಿ ಮೊದಲು ಮಾತಿನಲ್ಲೇ ಹೊಲ ತೋರಿಸಿ. ‘ಕಲಬುರಗಿ ಜಿಲ್ಲೆ. ಎರೆ ಭೂಮಿ, ನೀರಾವರಿ ಇಲ್ಲ. ಜೂನ್ ಕೊನೆಗೆ ಬಿತ್ತಿದ್ದು, ಈಗ ಹೂವಾಗಿದೆ. ಅಲ್ಲಲ್ಲಿ ಗಿಡ ಒಣಗುತ್ತಿದೆ. ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ. ಮೂರು ವರ್ಷದಿಂದ ಇದೇ ಹೊಲದಲ್ಲಿ ತೊಗರಿ.’ ಕೊನೆಯ ಮಾತನ್ನು ಮಾತ್ರ ಬಿಡಲೇಬೇಡಿ. ಗಿಡ ಒಣಗಿಸುವ ನೆಟೆ ರೋಗದ ಶಿಲೀಂಧ್ರ ಮಣ್ಣಿನಲ್ಲೇ ವರ್ಷಗಟ್ಟಲೆ ಉಳಿಯುತ್ತದೆ.

ಬರೀ ರೋಗದ ಹೆಸರು ಬರೆದರೆ ಸಾಲದು. ನೆಟೆ, ಗೊಡ್ಡು ಎಂದರೆ ನಮಗೆ ತಕ್ಷಣ ಗೊತ್ತಾಗುತ್ತದೆ. ಆದರೆ ಅಂತರ್ಜಾಲದಲ್ಲಿ ಇಂಗ್ಲಿಷ್‌ಗೆ ಹೋಲಿಸಿದರೆ ಕನ್ನಡ ಬರಹ ತುಂಬಾ ಕಡಿಮೆ. ಹಳ್ಳಿಯ ಪದವನ್ನು ಎಐ ತಪ್ಪು ತಿಳಿಯಬಹುದು. ಅದಕ್ಕೇ ಕಣ್ಣಿಗೆ ಕಂಡ ಲಕ್ಷಣವನ್ನೂ ಬರೆಯಿರಿ. ನೆಟೆಯಲ್ಲಿ ಗಿಡ ಒಣಗಿ ಸಾಯುತ್ತದೆ. ಗೊಡ್ಡಿನಲ್ಲಿ ಗಿಡ ಪೊದೆಯಂತೆ ಹಸಿರಾಗೇ ಇರುತ್ತದೆ, ಎಲೆ ಸಣ್ಣದಾಗುತ್ತದೆ, ಹೂ ಕಾಯಿ ಆಗುವುದಿಲ್ಲ.

ಆಮೇಲೆ ನಿಮಗೆ ಬೇಕಾದದ್ದನ್ನು ಬಿಡಿಸಿ ಕೇಳಿ. ಬಹಳ ಜನ ನೇರವಾಗಿ ‘ಯಾವ ಔಷಧ ಹೊಡೀಲಿ’ ಎನ್ನುತ್ತಾರೆ. ಅದು ಅವಸರ. ಹೀಗೆ ಬರೆಯಿರಿ: ‘ಇರಬಹುದಾದ 3 ಕಾರಣ ಹೇಳಿ. ಒಂದೊಂದನ್ನೂ ಹೊಲದಲ್ಲೇ ಗುರುತಿಸುವುದು ಹೇಗೆ ಅಂತ ಸರಳ ಕನ್ನಡದಲ್ಲಿ ತಿಳಿಸಿ. ಮಾಹಿತಿ ಸಾಲದಿದ್ದರೆ ಮೊದಲು ನನ್ನನ್ನೇ ಕೇಳಿ.’

ಈ ಕೊನೆಯ ಸಾಲು ನನಗೆ ತುಂಬಾ ಇಷ್ಟ. ಬೀಜ ಯಾವ ತಳಿ, ಬೀಜೋಪಚಾರ ಮಾಡಿದ್ರಾ, ಹೊಲದಲ್ಲಿ ನೀರು ನಿಂತಿತ್ತಾ ಎಂದು ಅದೇ ಕೇಳತೊಡಗುತ್ತದೆ. ಟಿಎಸ್-3ಆರ್ ಬಿತ್ತಿದ್ದರೆ ಹೇಳಿ. ಅದು ನೆಟೆ ತಡೆದುಕೊಳ್ಳುವ ತಳಿ, ಹಾಗಾಗಿ ಬೇರೆ ಕಾರಣವನ್ನೂ ಹುಡುಕಬೇಕಾಗುತ್ತದೆ. ಉತ್ತರ ಹೊಂದದಿದ್ದರೆ ಅದೇ ಚಾಟ್‌ನಲ್ಲಿ ‘ಇದು ನಮ್ಮ ಹೊಲಕ್ಕೆ ಆಗಲ್ಲ, ಯಾಕಂದ್ರೆ...’ ಎಂದು ಮುಂದುವರಿಸಿ. ಆಧಾರ್, ಬ್ಯಾಂಕ್ ಖಾತೆ ನಂಬರ್ ಮಾತ್ರ ಹಾಕಬೇಡಿ.

ಔಷಧದ ಹೆಸರು, ಪ್ರಮಾಣವನ್ನು ಎಐ ತಪ್ಪಾಗಿ ಹೇಳಿದರೂ ಖಚಿತವಾಗಿ ಹೇಳಿದಂತೆಯೇ ಇರುತ್ತದೆ. ಸಿಂಪಡಿಸುವ ಮೊದಲು ಒಣಗಿದ ಗಿಡವೊಂದನ್ನು ಬೇರುಸಮೇತ ಕಿತ್ತು ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಎಐ ಹೇಳಿದ ಆ 3 ಕಾರಣಗಳನ್ನು ಮೊಬೈಲ್‌ನಲ್ಲೇ ಅಲ್ಲಿನವರಿಗೆ ತೋರಿಸಿ.