ಅಪ್ಪನಿಗೆ ಕಂಡ ಎರಡು ಚೆಂಡು

"ಚೆಂಡು ಎರಡು ಕಾಣಿಸುತ್ತಿದೆಯಲ್ಲ" ಎಂದು ಅಪ್ಪ ಹೇಳಿದಾಗ ನಾನು ಮೊದಲು ನೋಡಿದ್ದು ಅವರ ಕನ್ನಡಕವನ್ನು. ಟಿವಿಯಲ್ಲಿ ಹಾಕಿ ಪಂದ್ಯದ ನೇರ ಪ್ರಸಾರ ನಡೆಯುತ್ತಿತ್ತು. 1997ರಲ್ಲಿ ಕೊಡಗಿನ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದಾಗಿನಿಂದ ಮೈದಾನದ ಅಂಚಿನಲ್ಲಿ ಕುಳಿತು ಆಟ ನೋಡಿದವರು ಅವರು. ಚೆಂಡಿನ ವಿಷಯದಲ್ಲಿ ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಪರದೆಯ ಹತ್ತಿರ ಹೋಗಿ ನಿಂತೆ. ನಿಜ, ಜೋರಾಗಿ ಹೊಡೆದ ಚೆಂಡು ಒಂದರ ಹಿಂದೆ ಒಂದು ಎರಡು ಮಸುಕು ಚುಕ್ಕೆಗಳಾಗಿ ಓಡುತ್ತಿತ್ತು. "ಹಳೆಯ ಡಬ್ಬಿ ಟಿವಿಯಲ್ಲೇ ಚೆನ್ನಾಗಿತ್ತು" ಎಂದೂ ಸೇರಿಸಿದರು. ಅದು ಚುಚ್ಚಿತು, ಏಕೆಂದರೆ ಆ ಡಬ್ಬಿಯನ್ನು ಗುಜರಿಗೆ ಹಾಕಿದವನು ನಾನೇ.

ನಾಪೋಕ್ಲು ಬಳಿಯ ನಮ್ಮ ತೋಟದ ಮನೆಯ ಹಜಾರದಲ್ಲಿರುವ ಕಂಪ್ಯೂಟರ್ 2009ರದು. ಕೋರ್ 2 ಡ್ಯುಯೋ ಪ್ರೊಸೆಸರ್, 2 ಜಿಬಿ ಮೆಮೊರಿ, ಎನ್‌ವಿಡಿಯಾದ ಜಿಫೋರ್ಸ್ 210 ಗ್ರಾಫಿಕ್ಸ್ ಕಾರ್ಡ್. ಕಾಫಿ ಲೆಕ್ಕ ಬರೆಯಲೆಂದು ತಂದದ್ದು, ಲ್ಯಾಪ್‌ಟಾಪ್ ಬಂದ ಮೇಲೆ ಟಿವಿಯ ಕೆಳಗೆ ಹೋಗಿ ಕುಳಿತಿದೆ. ಲಿನಕ್ಸ್ ಮೇಲೆ ಕೋಡಿ ಎಂಬ, ಟಿವಿ ಮತ್ತು ವಿಡಿಯೋ ತೋರಿಸುವ ತಂತ್ರಾಂಶ ಓಡುತ್ತದೆ. ಕೇಳಿದವರೆಲ್ಲ "ಅದನ್ನು ಎಸೆದು ಹೊಸದು ತನ್ನಿ" ಎಂದರು. ಎಸೆಯಬೇಕಾಗಿರಲಿಲ್ಲ. ಚಿತ್ರ ಕೆಟ್ಟದ್ದು ಯಂತ್ರಕ್ಕೆ ಶಕ್ತಿ ಸಾಲದೆ ಅಲ್ಲ, ಒಂದೇ ಕೆಲಸವನ್ನು ಎರಡು ಮೂರು ಕಡೆ ಮಾಡುತ್ತಿದ್ದುದರಿಂದ. ಇದು ನನಗೆ ಅರ್ಥವಾಗಲು ಒಂದು ಮಳೆಗಾಲ ಪೂರ್ತಿ ಹಿಡಿಯಿತು.

ಮೊದಲ ತಪ್ಪು ತಂತಿಯಲ್ಲೇ ಇತ್ತು. ಡಿಡಿ ಫ್ರೀ ಡಿಶ್‌ನ ಸೆಟ್‌ಟಾಪ್ ಬಾಕ್ಸ್‌ನಿಂದ ಹಳದಿ ಪಿನ್ನಿನ ಕೇಬಲ್ ಎಳೆದು ಕಂಪ್ಯೂಟರ್‌ನ ಹಳೆಯ ಕ್ಯಾಪ್ಚರ್ ಕಾರ್ಡಿಗೆ ಸಿಕ್ಕಿಸಿದ್ದೆ. ಆಕಾಶದಿಂದ ಡಿಜಿಟಲ್ ಆಗಿ ಇಳಿದ ಚಿತ್ರವನ್ನು ಬಾಕ್ಸ್ ಅನಲಾಗ್ ಮಾಡುತ್ತಿತ್ತು, ಕಾರ್ಡ್ ಅದನ್ನು ಮತ್ತೆ ಡಿಜಿಟಲ್ ಮಾಡುತ್ತಿತ್ತು. ಆ ಒಂದೇ ತಂತಿಯಲ್ಲಿ ಬಣ್ಣವೂ ಬೆಳಕೂ ಒಟ್ಟಿಗೆ ಹರಿಯುವುದರಿಂದ ಕೆಂಪು ಅಕ್ಷರಗಳ ಅಂಚಿನಲ್ಲಿ ಇರುವೆ ಸಾಲು ಹರಿದಂತೆ ಚುಕ್ಕೆಗಳು ಓಡುತ್ತಿದ್ದವು. ಬಾಕ್ಸನ್ನು ಬದಿಗಿಟ್ಟು, ಬಳಸಿದ ಒಂದು ಡಿವಿಬಿ-ಎಸ್2 ಕಾರ್ಡ್ (ಉಪಗ್ರಹದ ಸಂಕೇತವನ್ನು ನೇರವಾಗಿ ಓದುವಂಥದ್ದು) ಕೊಂಡು ಡಿಶ್‌ನ ತಂತಿಯನ್ನು ನೇರವಾಗಿ ಅದಕ್ಕೇ ಕೊಟ್ಟೆ. ಚಂದನದಂತಹ ವಾಹಿನಿಗೆ ಬೀಗವಿಲ್ಲ, ಟಿವಿಹೆಡ್‌ಎಂಡ್ ಎಂಬ ತಂತ್ರಾಂಶ ಅದನ್ನು ಹುಡುಕಿ ಕೋಡಿಗೆ ಒಪ್ಪಿಸುತ್ತದೆ. ಆ ದಿನ ಇರುವೆಗಳು ಮಾಯವಾದವು. ಹಣ ಖರ್ಚು ಮಾಡಿ ಪಡೆದ ಸುಧಾರಣೆಗಳಲ್ಲಿ ದೊಡ್ಡದು ಇದೇ.

ಕಾರ್ಡಿನ ಜೊತೆಗೆ ಡಿಶ್ ಕೂರಿಸುವ ಕೆಲಸವೂ ನನ್ನ ತಲೆಗೆ ಬಂತು. ಫ್ರೀ ಡಿಶ್ ಬರುವುದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ. ನಮ್ಮ ಮನೆಯಿಂದ ಅದು ಉತ್ತರದಿಂದ ಅಳೆದರೆ ಸುಮಾರು 124 ಡಿಗ್ರಿ, ಅಂದರೆ ಆಗ್ನೇಯದಿಂದ ತುಸು ಪೂರ್ವಕ್ಕೆ. ಎತ್ತರ ಸುಮಾರು 65 ಡಿಗ್ರಿ. ಅಷ್ಟು ಕತ್ತೆತ್ತಿ ನೋಡುವ ಡಿಶ್‌ಗೆ 20 ಮೀಟರ್ ಎತ್ತರದ ಸಿಲ್ವರ್ ಓಕ್ ಕೂಡ ಒಂಬತ್ತು ಮೀಟರ್ ಒಳಗೆ ಇದ್ದರೆ ಮಾತ್ರ ಅಡ್ಡ. ನಮ್ಮದು ಏಳು ಮೀಟರ್ ದೂರದಲ್ಲಿತ್ತು, ಮೈತುಂಬ ಕಾಳುಮೆಣಸಿನ ಬಳ್ಳಿ ಹೊತ್ತು. ಮರ ಕಡಿಯುವ ಮಾತಿಗೆ ಮನೆಯಲ್ಲಿ ಯಾರೂ ಒಪ್ಪಲಿಲ್ಲ, ಸರಿಯೂ ಹೌದು. ಡಿಶ್ಶನ್ನೇ ಕಣದ ಮೂಲೆಗೆ ಸಾಗಿಸಿದೆ.

ಇಷ್ಟಾದರೂ ಚೆಂಡು ಎರಡೇ.

ಈಗ ಒಂದು ಒಳ್ಳೆಯ ಅಭ್ಯಾಸ ಕಲಿತೆ. ನೇರ ಪ್ರಸಾರ ನೋಡುತ್ತ ಸೆಟ್ಟಿಂಗ್ ಬದಲಿಸಿದರೆ ಮೊದಲಿನದು ಹೇಗಿತ್ತೆಂಬುದು ಐದು ನಿಮಿಷದಲ್ಲಿ ಮರೆತುಹೋಗುತ್ತದೆ. ಹಾಗಾಗಿ ಎರಡು ನಿಮಿಷದ ಹಾಕಿ ಆಟವನ್ನೂ, ಪರದೆಯ ಕೆಳಗೆ ಸುದ್ದಿಯ ಸಾಲು ಓಡುವ ಎರಡು ನಿಮಿಷವನ್ನೂ ಇದ್ದ ಹಾಗೆಯೇ ರೆಕಾರ್ಡ್ ಮಾಡಿಟ್ಟೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಮತ್ತೆ ಅದೇ ತುಣುಕು. ಕಡತದ ಗಾತ್ರವೂ ಒಂದು ಸತ್ಯ ಹೇಳಿತು: 120 ಸೆಕೆಂಡಿಗೆ 45 ಎಂಬಿ, ಅಂದರೆ ಸೆಕೆಂಡಿಗೆ ಮೂರು ಮೆಗಾಬಿಟ್. ಚಿತ್ರವನ್ನು ಒತ್ತಿ ಕಿರಿದಾಗಿಸುವ ಹಳೆಯ ವಿಧಾನವಾದ ಎಂಪೆಗ್-2ರಲ್ಲಿ ಓಡಾಟದ ಆಟಕ್ಕೆ ಅದು ಬಡತನವೇ. ಪ್ರೇಕ್ಷಕರ ಗುಂಪಿನ ಮೇಲೆ ಕ್ಯಾಮೆರಾ ಹರಿದಾಗ ಚೌಕ ಚೌಕವಾಗಿ ಒಡೆಯುವುದನ್ನು ನಾನು ಯಾವ ಸೆಟ್ಟಿಂಗ್‌ನಿಂದಲೂ ಸರಿಪಡಿಸಲಾರೆ. ಅದನ್ನು ಒಪ್ಪಿಕೊಂಡ ಮೇಲೆ ಮನಸ್ಸು ಹಗುರವಾಯಿತು.

ಎರಡು ಚೆಂಡಿನ ಗುಟ್ಟು ಇದು. ನಮ್ಮ ಸಾಮಾನ್ಯ ವಾಹಿನಿಗಳ ಚಿತ್ರದಲ್ಲಿ 576 ಗೆರೆಗಳಿರುತ್ತವೆ, ಆದರೆ ಅವು ಒಟ್ಟಿಗೆ ಬರುವುದಿಲ್ಲ. ಮೊದಲು ಬೆಸ ಗೆರೆಗಳು 288, ಸೆಕೆಂಡಿನ ಐವತ್ತನೇ ಒಂದು ಭಾಗದ ನಂತರ ಸಮ ಗೆರೆಗಳು 288. ಹಳೆಯ ಡಬ್ಬಿ ಟಿವಿಯ ಎಲೆಕ್ಟ್ರಾನ್ ಕಿರಣ ಅದೇ ಕ್ರಮದಲ್ಲಿ ಗೆರೆ ಎಳೆಯುತ್ತಿತ್ತು, ಹಾಗಾಗಿ ಅಲ್ಲಿ ಯಾವ ತಕರಾರೂ ಇರಲಿಲ್ಲ. ಅಪ್ಪನ ನೆನಪು ಸರಿಯೇ. ಎಲ್‌ಸಿಡಿ ಹಾಗಲ್ಲ, ಅದಕ್ಕೆ ಪೂರ್ತಿ ಚಿತ್ರ ಒಟ್ಟಿಗೆ ಬೇಕು. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಹೊಡೆದ ಚೆಂಡು ಸೆಕೆಂಡಿನ ಐವತ್ತನೇ ಭಾಗದಲ್ಲಿ ಅರ್ಧ ಮೀಟರಿಗೂ ಹೆಚ್ಚು ಸಾಗುತ್ತದೆ. ಎರಡು ಅರ್ಧಗಳನ್ನು ಹಾಗೆಯೇ ಹೆಣೆದರೆ ಚೆಂಡಿನ ಅಂಚು ಬಾಚಣಿಗೆಯ ಹಲ್ಲಿನಂತಾಗುತ್ತದೆ. ಕಲಸಿದರೆ ಎರಡು ಚೆಂಡು. ನನ್ನ ಕೋಡಿಯಲ್ಲಿ ಯಾವಾಗಲೋ ಯಾರೋ ಹೇಳಿದ್ದನ್ನು ಕೇಳಿ ನಾನೇ ಇಟ್ಟಿದ್ದ ಸೆಟ್ಟಿಂಗ್ ಈ ಕಲಸುವುದೇ ಆಗಿತ್ತು.

ಬೇಕಾದದ್ದು ಪ್ರತಿ ಅರ್ಧವನ್ನೂ ಒಂದು ಪೂರ್ತಿ ಚಿತ್ರವಾಗಿ ಬೆಳೆಸಿ ಸೆಕೆಂಡಿಗೆ 50 ಚಿತ್ರ ಕೊಡುವ ವಿಧಾನ. ಕದಲದ ಜಾಗದಲ್ಲಿ ಹಿಂದಿನ ಅರ್ಧದ ಗೆರೆಗಳನ್ನು ಉಳಿಸಿಕೊಂಡು, ಕದಲಿದ ಜಾಗದಲ್ಲಿ ಮಾತ್ರ ಅಕ್ಕಪಕ್ಕದ ಗೆರೆಗಳಿಂದ ಊಹಿಸಿ ತುಂಬುತ್ತದೆ. ಜಿಫೋರ್ಸ್ 210 ಈ ಕೆಲಸವನ್ನು ವಿಡಿಪಿಎಯು (ವಿಡಿಯೋ ಕೆಲಸವನ್ನು ಗ್ರಾಫಿಕ್ಸ್ ಕಾರ್ಡಿಗೆ ಒಪ್ಪಿಸುವ ವ್ಯವಸ್ಥೆ) ಮೂಲಕ ತಾನೇ ಮಾಡಬಲ್ಲದು. ಪಟ್ಟಿಯಲ್ಲಿ ಟೆಂಪೊರಲ್-ಸ್ಪೇಷಿಯಲ್ ಆರಿಸಿದೆ. ಹೆಸರಿನ ಕೊನೆಗೆ ಹಾಫ್ ಎಂದಿರುವವುಗಳನ್ನು ಮುಟ್ಟಬೇಡಿ, ಅವು 25 ಚಿತ್ರ ಮಾತ್ರ ಕೊಟ್ಟು ಓಟದ ನಯವನ್ನು ಅರ್ಧಕ್ಕೆ ಇಳಿಸುತ್ತವೆ. 1080 ಗೆರೆಯ ಎಚ್‌ಡಿ ವಾಹಿನಿಗೆ ಅದೇ ಸೆಟ್ಟಿಂಗ್ ಕೊಟ್ಟಾಗ ನನ್ನ ಕಾರ್ಡ್ ಏದುಸಿರು ಬಿಟ್ಟಿತು, ಫ್ರೇಮುಗಳು ಉದುರಿದವು. ಅಲ್ಲಿ ಒಂದು ಮೆಟ್ಟಿಲು ಇಳಿದು ಬರೀ ಟೆಂಪೊರಲ್ ಇಟ್ಟಿದ್ದೇನೆ, ಕಣ್ಣಿಗೆ ವ್ಯತ್ಯಾಸ ಸಿಗುವುದಿಲ್ಲ. ಈ ಕಾರ್ಡಿಗೆ ಚಾಲಕ ತಂತ್ರಾಂಶ (ಡ್ರೈವರ್) 340ರ ಸರಣಿಗೇ ಕೊನೆ, ಆದ್ದರಿಂದ ಲಿನಕ್ಸನ್ನು ಹಳೆಯ ಆವೃತ್ತಿಯಲ್ಲೇ ನಿಲ್ಲಿಸಿದ್ದೇನೆ.

ಚೆಂಡು ಒಂದಾಯಿತು. ಆದರೆ ಸುದ್ದಿಯ ಸಾಲು ಕುಂಟುತ್ತಿತ್ತು. ಕಾರಣ ಸರಳ: ಕಂಪ್ಯೂಟರ್ ಟಿವಿಗೆ ಸೆಕೆಂಡಿಗೆ 60 ಸಲ ಚಿತ್ರ ಕಳುಹಿಸುತ್ತಿತ್ತು, ಬರುತ್ತಿದ್ದದ್ದು 50. ಪ್ರತಿ ಐದನೆಯದನ್ನು ಎರಡು ಸಲ ತೋರಿಸಿ ಲೆಕ್ಕ ಸರಿದೂಗಿಸುತ್ತಿತ್ತು. ಕೋಡಿಯಲ್ಲಿ ವಿಡಿಯೋಗೆ ತಕ್ಕಂತೆ ರಿಫ್ರೆಶ್ ದರ ಬದಲಿಸುವ ಆಯ್ಕೆ ಚಾಲೂ ಮಾಡಿದ್ದೇ ತಡ, ಅಕ್ಷರಗಳು ಎಣ್ಣೆಯ ಮೇಲೆ ಜಾರಿದಂತೆ ಸಾಗಿದವು. ಇದಕ್ಕೆ ಕಾಸೂ ಖರ್ಚಿಲ್ಲ. ಹಳೆಯ ಕಂಪ್ಯೂಟರ್ ಇರುವವರು ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ.

ಕಪ್ಪು ಬಣ್ಣದ ಕಥೆ ಬೇರೆ. ವಾರ್ತೆ ಓದುವವರ ಕರಿ ಕೋಟು ಬೂದಿ ಬಳಿದಂತೆ ಕಾಣುತ್ತಿತ್ತು. ಟಿವಿ ಲೋಕದ ಬೆಳಕಿನ ಲೆಕ್ಕದಲ್ಲಿ ಕಪ್ಪು ಎಂದರೆ 16, ಬಿಳಿ ಎಂದರೆ 235. ಕಂಪ್ಯೂಟರಿಗೆ ಸೊನ್ನೆಯಿಂದ 255. ಒಂದನ್ನು ಇನ್ನೊಂದಕ್ಕೆ ಯಾರಾದರೂ ಒಬ್ಬರು ಹೊಂದಿಸಬೇಕು. ನಮ್ಮಲ್ಲಿ ಕೋಡಿಯೂ ಹೊಂದಿಸಿತ್ತು, ಎನ್‌ವಿಡಿಯಾ ಚಾಲಕವೂ ಹೊಂದಿಸಿತ್ತು. ಕುಗ್ಗಿಸಿದ್ದನ್ನೇ ಮತ್ತೆ ಕುಗ್ಗಿಸಿದಾಗ 16 ಇದ್ದ ಕಪ್ಪು 30ಕ್ಕೆ ಏರಿತು, 235 ಇದ್ದ ಬಿಳಿ 218ಕ್ಕೆ ಇಳಿಯಿತು. ಚಾಲಕದ ಕೈ ತೆಗೆಸಿದೆ. ಅದೇ ಉತ್ಸಾಹದಲ್ಲಿ ಟಿವಿಯೊಳಗಿನ ಶಾರ್ಪ್‌ನೆಸ್, ನಾಯ್ಸ್ ರಿಡಕ್ಷನ್, ಡೈನಾಮಿಕ್ ಕಾಂಟ್ರಾಸ್ಟ್ ಎಲ್ಲವನ್ನೂ ಆಫ್ ಮಾಡಿದೆ. ಮೊದಲ ದಿನ ಚಿತ್ರ ಮಂಕಾಯಿತು ಎನ್ನಿಸಿತು, ಮೂರನೆಯ ದಿನ ಹಿಂದಿನ ಚಿತ್ರವೇ ಅತಿಯಾಗಿ ಕಂಡಿತು.

ಒಂದು ದ್ವಂದ್ವ ಮಾತ್ರ ಬಗೆಹರಿಯಲಿಲ್ಲ. ನಮ್ಮ 32 ಇಂಚಿನ ಟಿವಿಯ ನಿಜವಾದ ಪರದೆ 1366×768. ಕಂಪ್ಯೂಟರ್ 576 ಗೆರೆಗಳನ್ನು 1080ಕ್ಕೆ ಹಿಗ್ಗಿಸಿ ಕಳುಹಿಸುತ್ತದೆ, ಟಿವಿ ಅದನ್ನು 768ಕ್ಕೆ ಕುಗ್ಗಿಸುತ್ತದೆ. ವಿಜಿಎ ತಂತಿಯಲ್ಲಿ 1360×768 ನೇರವಾಗಿ ಕೊಡಬಹುದು, ಆದರೆ ಅಲ್ಲಿ 60 ಹರ್ಟ್ಜ್ (ಸೆಕೆಂಡಿಗೆ 60 ಸಲ) ಬಿಟ್ಟು ಬೇರೆಯದನ್ನು ಈ ಟಿವಿ ಒಪ್ಪುವುದಿಲ್ಲ. ನಿಂತ ಚಿತ್ರದ ಚೊಕ್ಕತನವೋ, ಓಡುವ ಚಿತ್ರದ ನಯವೋ? ಹಾಕಿ ನೋಡುವ ಮನೆ, 50ನ್ನೇ ಆರಿಸಿದೆ. ಅಂಚು ಕತ್ತರಿಸಿ ಹಿಗ್ಗಿಸುವ ಟಿವಿಯ ಚಾಳಿಯನ್ನಾದರೂ ಬಿಡಿಸಿದೆ. ಮೆನುವಿನಲ್ಲಿ ಸ್ಕ್ರೀನ್ ಫಿಟ್ ಎಂದಿತ್ತು.

ಮಳೆಯ ಬಗ್ಗೆ ಹೇಳುವುದು ಕಡಿಮೆ. ಡಿಶ್ ಹಿಡಿಯುವ ಕೆಯು ಬ್ಯಾಂಡ್ ಸಂಕೇತವನ್ನು ಕಕ್ಕಡದ (ಕೊಡವರ ಮಳೆಗಾಲದ ತಿಂಗಳು) ಮಳೆ ನುಂಗುತ್ತದೆ, ಚಿತ್ರ ಒಡೆಯುತ್ತದೆ. ಅದಕ್ಕೂ ಕಂಪ್ಯೂಟರಿಗೂ ಸಂಬಂಧವಿಲ್ಲ. 60 ಸೆಂಟಿಮೀಟರಿನ ಡಿಶ್ ತೆಗೆದು 90ರದು ಹಾಕಿದೆ, ಹಿಡಿಯುವ ವಿಸ್ತೀರ್ಣ ಎರಡೂಕಾಲು ಪಟ್ಟು. ತಂತಿಯ ತುದಿಯ ಎಫ್ ಕನೆಕ್ಟರ್ ಒಳಗೆ ಹಸಿರು ಕಿಲುಬು ಹಿಡಿದಿತ್ತು, ಹೊಸದು ಹಾಕಿ ರಬ್ಬರ್ ಟೇಪ್ ಸುತ್ತಿದೆ. ಜಡಿಮಳೆ ಬಿದ್ದಾಗ ಈಗಲೂ ಹೋಗುತ್ತದೆ, ಬೇಗ ಬರುತ್ತದೆ. ಕಂಪ್ಯೂಟರನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆರಿಸುವುದೇ ಇಲ್ಲ. ಅದರ ಬಿಸಿಯೇ ಅದಕ್ಕೆ ಬೂಸ್ಟು ಹಿಡಿಯದಂತೆ ಕಾಯುತ್ತದೆ. ಗುಡುಗಿದಾಗ ಮಾತ್ರ ಡಿಶ್ ತಂತಿಯನ್ನೂ ಪ್ಲಗ್ಗನ್ನೂ ಕಿತ್ತಿಡುತ್ತೇವೆ.

ಎಲ್ಲ ಸೆಟ್ಟಿಂಗ್‌ಗಳನ್ನೂ ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಕಳೆದ ವರ್ಷ ನಾನು ಮೈಸೂರಿನಲ್ಲಿದ್ದಾಗ ಕರೆಂಟು ಹೋಗಿ ಬಂದು ಟಿವಿ ತನ್ನ ಹಳೆಯ ಚಾಳಿಗೆ ಮರಳಿತು. ಅಪ್ಪ ಫೋನ್ ಮಾಡಿದರು. "ಸ್ಕೋರು ಅರ್ಧ ಗೋಡೆಯೊಳಗೆ ಹೋಗಿದೆ" ಎಂದರು. ಚೀಟಿಯ ನಾಲ್ಕನೇ ಸಾಲು ಓದಿ ಎಂದೆ. ಕನ್ನಡಕ ಹುಡುಕಲು ಹತ್ತು ನಿಮಿಷ, ಸರಿಮಾಡಲು ಒಂದು ನಿಮಿಷ ಬೇಕಾಯಿತು. ಅಷ್ಟರಲ್ಲಿ ಪೆನಾಲ್ಟಿ ಕಾರ್ನರ್ ಒಂದು ತಪ್ಪಿಹೋಯಿತೆಂದು ನನ್ನ ಮೇಲೆಯೇ ಸಿಟ್ಟಾದರು.